ದೀಪಾವಳಿ ವಿಶೇಷಾಂಕಕ್ಕೊಂದು ಕತೆ

ತನ್ನ ಕತೆ ಕದ್ದವನು ಹಾರ ಹಾಕಿಸಿಕೊಂಡು ತಿರುಗುವುದನ್ನು ಪೂರ್ಣಿಮಾ ಒಂದು ವರ್ಷ ನೋಡಿದಳು. ನೋಡಿ ನೋಡಿ ಸಾಕಾಗಿ, ಅವನು ಎಲ್ಲರೆದುರು ಕಳ್ಳ ಅನ್ನಿಸಿಕೊಳ್ಳುವ ಹಾಗೆ ಮಾಡುವ ಉಪಾಯವನ್ನು ತಾನೇ ಹುಡುಕಿಕೊಂಡಳು.

ಕದ್ದವನು ತೇರದಾಳದ ಜೈನರ ಅನಂತಪ್ಪ. ವಯಸ್ಸಿನಲ್ಲಿ ಅವಳ ತಂದೆಯ ಸಮ. ಎದುರಿಗೆ ಸಿಕ್ಕರೆ ಕಾಕಾ ಎಂದೇ ಕರೆಯುತ್ತಿದ್ದಳು. ಮನಸ್ಸಿನಲ್ಲಿ ಮಾತ್ರ ಅವನು ಏಕವಚನಕ್ಕೆ ಇಳಿದು ವರ್ಷವಾಗಿತ್ತು. ಮಹಾಲಿಂಗಪುರದ ಬಜಾರದಲ್ಲಿ ಅವನದು ಬೀಜ, ಗೊಬ್ಬರದ ಅಂಗಡಿ. ಆದರೆ ಜಮಖಂಡಿ, ಮುಧೋಳ, ಬೀಳಗಿ ಕಡೆ ಕತೆ ಬರೆಯುವವರೆಲ್ಲ ಒಂದಲ್ಲ ಒಂದು ದಿನ ಆ ಗೊಬ್ಬರದ ಚೀಲದ ಮೇಲೆ ಕೂತು ಚಹಾ ಕುಡಿದವರೇ. ಯಾವ ಪತ್ರಿಕೆ ಗೌರವಧನ ಕೊಡುತ್ತದೆ, ಯಾವುದು ಬರೀ ಗೌರವ ಕೊಡುತ್ತದೆ, ಯಾವುದು ಒಂದು ಪ್ರತಿಯನ್ನೂ ಕಳಿಸದೆ ಸುಮ್ಮನಾಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಯಾವ ಸಂಪಾದಕರಿಗೆ ಉದ್ದ ಕತೆ ಕಂಡರೆ ಆಗದು, ಯಾರ ಬಳಿ ಬೇಸಿಗೆಯಲ್ಲಿ ಕತೆಗಳು ಖಾಲಿಯಾಗಿರುತ್ತವೆ ಎಂಬುದನ್ನೂ ಹೇಳುತ್ತಿದ್ದ. ಬರೆದವರು ಕತೆ ತಂದುಕೊಟ್ಟರೆ ಅಂಗಡಿಯ ಕಂಪ್ಯೂಟರಿನಲ್ಲಿ ಟೈಪು ಮಾಡಿ ತಾನೇ ಕಳಿಸುತ್ತಿದ್ದ.

ಪೂರ್ಣಿಮಾ ಬನಹಟ್ಟಿಯಲ್ಲಿ ಸೀರೆಯ ಸೆರಗಿಗೆ, ಅಂಚಿಗೆ ಡಿಸೈನ್ ಬರೆಯುವವಳು. ಬಿಡುವಾದಾಗ ಕತೆ. ತಾನಾಗಿಯೇ ವಿಳಾಸ ಹುಡುಕಿ ಕಳಿಸಿದ ಕತೆಗಳಲ್ಲಿ ಹೆಚ್ಚಿನವು ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಅಚ್ಚಾದ ಒಂದೆರಡಕ್ಕೂ ಬಿಡಿಗಾಸು ಬರಲಿಲ್ಲ. ಡಿಸೈನಿಗೆ ರೊಕ್ಕ ಕೊಡುತ್ತಾರೆ, ಇದಕ್ಕೆ ಏನು ಕೊಡುತ್ತಾರೆ ಎಂದು ಅತ್ತೆ ಕೇಳುತ್ತಿದ್ದಳು. ಆ ಪ್ರಶ್ನೆಗೆ ಉತ್ತರ ತರಲೆಂದೇ ಅವಳು ಅನಂತಪ್ಪನ ಅಂಗಡಿ ಮೆಟ್ಟಿಲು ಹತ್ತಿದ್ದು.

ಹೋದ ವರ್ಷ ಕೊಟ್ಟದ್ದು ತನ್ನ ತಾಯಿಯ ಕತೆ. ರಬಕವಿಯ ಲಕ್ಷ್ಮವ್ವ, ಗಂಡ ಸತ್ತ ವಾರದೊಳಗೆ ಅವನು ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಮಗ್ಗದ ಕುಣಿಗೆ ಇಳಿದು, ಅವನು ಅರ್ಧ ನೇಯ್ದು ಬಿಟ್ಟ ಸೀರೆಯನ್ನು ಮುಗಿಸಿದ ಕತೆ. ಪೂರ್ಣಿಮಾ ಕೈಬರಹದ ಹಾಳೆಗಳನ್ನೇ ಕೊಟ್ಟಳು, ನಕಲು ಇಟ್ಟುಕೊಳ್ಳಲಿಲ್ಲ. ಕಾಕಾನ ಕೈಗೆ ಕೊಟ್ಟದ್ದಕ್ಕೆ ನಕಲು ಯಾಕೆ? ದೀಪಾವಳಿ ವಿಶೇಷಾಂಕದಲ್ಲಿ ಅದಕ್ಕೇ ಮೊದಲ ಬಹುಮಾನ ಬಂತು. ಹೆಸರು ಅನಂತಪ್ಪನದು, ಫೋಟೋ ಅನಂತಪ್ಪನದು.

ಕೇಳಲು ಹೋದಾಗ ಅವನು ಗೊಬ್ಬರದ ಚೀಲಗಳ ಕಡೆ ನೋಡುತ್ತ ಮಾತಾಡಿದ. ಇ-ಮೇಲು ತನ್ನ ಹೆಸರಿನಿಂದ ಹೋಗಿತ್ತು, ಅವರು ತನ್ನದೇ ಕತೆ ಅಂದುಕೊಂಡರು, ಮುಂದೆ ಸರಿ ಮಾಡೋಣ ಎಂದ. ಸರಿ ಮಾಡಲಿಲ್ಲ. ಜಮಖಂಡಿಯಲ್ಲಿ ಸನ್ಮಾನವಾಯಿತು, ಶಾಲು ಹೊದ್ದುಕೊಂಡ. ಯಾರೋ ಆ ಕತೆಯನ್ನು ಲಕ್ಷ್ಮವ್ವನಿಗೆ ಓದಿ ಹೇಳಿದರು. ಮುದುಕಿ ಮಗಳಿಗೆ ಕೇಳಿದ್ದು ಒಂದೇ ಮಾತು:

"ನಾ ನಿನ್ನ ಮುಂದಷ್ಟ ಹೇಳಿದ್ದು ಅದು. ಆ ಗೊಬ್ಬರದಂಗಡಿಯಾಂವನ ಮುಂದ ಯಾಕ ಆಡಿದಿ?"

ಪೂರ್ಣಿಮಾಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವತ್ತು. ಬಹುಮಾನ ಹೋದದ್ದನ್ನು ಹೇಗೋ ತಡೆದುಕೊಂಡಿದ್ದಳು. ಹೆತ್ತವಳ ಕಣ್ಣಲ್ಲಿ ಮನೆಯ ಗುಟ್ಟು ಮಾರಿಕೊಂಡವಳು ತಾನಾದದ್ದನ್ನು ತಡೆದುಕೊಳ್ಳಲು ಆಗಲಿಲ್ಲ.

ಉಪಾಯ ಸಿಕ್ಕದ್ದು ಜಮಖಂಡಿಯ ರದ್ದಿ ಅಂಗಡಿಯಲ್ಲಿ. ಹಳೆಯ ಸೀರೆ ಡಿಸೈನಿನ ಪುಸ್ತಕ ಹುಡುಕುತ್ತಿದ್ದವಳ ಕೈಗೆ, ಅವಳು ಹುಟ್ಟುವ ಮೊದಲೇ ಮುಚ್ಚಿಹೋದ ವಾರಪತ್ರಿಕೆಯೊಂದರ ಸಂಚಿಕೆ ಬಂತು. ಅದರಲ್ಲೊಂದು ಅಂಬಿಗರ ಹುಡುಗಿಯ ಕತೆ. ಬರೆದವನ ಹೆಸರನ್ನು ಯಾರೂ ಕೇಳಿರಲಿಕ್ಕಿಲ್ಲ, ಆದರೆ ಕತೆ ಓದಿದವರ ಎದೆ ಹಿಡಿಯುವಂಥದ್ದು. ಅಲ್ಲೇ ನಿಂತು ಓದಿ ಮುಗಿಸುವಷ್ಟರಲ್ಲಿ ಅವಳಿಗೆ ಎಲ್ಲ ಹೊಳೆದಿತ್ತು.

ಹೊಳೆಗೆ ಕೃಷ್ಣೆಯ ಹೆಸರಿಟ್ಟಳು. ಊರು ಹಿಪ್ಪರಗಿಯಾಯಿತು. ಬ್ಯಾರೇಜು ಬಂತು, ಕಬ್ಬಿನ ಟ್ರ್ಯಾಕ್ಟರು ಬಂತು. ಹುಡುಗಿಯ ಹೆಸರು ಬದಲಾಯಿತು, ತಲೆಬರಹ ಬದಲಾಯಿತು. ಉಳಿದ ವಾಕ್ಯಗಳನ್ನು ಬೇಕೆಂದೇ ಹಾಗೆಯೇ ಬಿಟ್ಟಳು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಅನುಮಾನಕ್ಕೆ ಎಡೆ ಇರಬಾರದು. ಇದನ್ನು ತನ್ನ ಹೊಸ ಕತೆಯೆಂದು ಅನಂತಪ್ಪನಿಗೆ ಕೊಡುವುದು. ಒಮ್ಮೆ ರುಚಿ ಕಂಡವನು ಇಷ್ಟು ಒಳ್ಳೆಯ ಕತೆಯನ್ನು ಬಿಟ್ಟಾನೆಯೇ? ಮತ್ತೆ ತನ್ನ ಹೆಸರಿನಲ್ಲಿ ಕಳಿಸುತ್ತಾನೆ. ಆಗ ಹಳೆಯ ಪುಟಗಳ ಝೆರಾಕ್ಸು ಸಂಪಾದಕರ ಮೇಜಿಗೆ ಹೋಗುತ್ತದೆ.

ಇದರ ಸೊಗಸು ಎಂದರೆ, ಅವನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಪೂರ್ಣಿಮಾ ಕೊಟ್ಟ ಕತೆ ಇದು ಎನ್ನಬೇಕಾದರೆ ಅವಳ ಕತೆ ಕದ್ದೆ ಎಂದು ಒಪ್ಪಿಕೊಳ್ಳಬೇಕು. ಅವಳ ಕೈಬರಹ ತೋರಿಸಿದರೆ ಇನ್ನೂ ಕೆಟ್ಟಿತು. ಬಾಯಿ ಬಿಟ್ಟರೂ ಕಳ್ಳ, ಬಿಡದಿದ್ದರೂ ಕಳ್ಳ. ಕತೆಯ ಕಳ್ಳನನ್ನು ಸಂಪಾದಕರು ಮರೆಯುವುದಿಲ್ಲ, ಒಬ್ಬರಿಗೆ ಗೊತ್ತಾದರೆ ರೊಕ್ಕ ಕೊಡುವ ಪತ್ರಿಕೆಗಳ ಬಾಗಿಲೆಲ್ಲ ಮುಚ್ಚಿದ ಹಾಗೆಯೇ ಎಂದು ಅವಳಿಗೆ ಹೇಳಿಕೊಟ್ಟವನೂ ಅವನೇ.

ಸ್ಪರ್ಧೆಯ ಕೊನೆಯ ತಾರೀಖು ಹತ್ತಿರ ಬಂದಾಗ ಅವಳು ಮಹಾಲಿಂಗಪುರಕ್ಕೆ ಹೋಗಿ ಹಾಳೆಗಳನ್ನು ಕೊಟ್ಟಳು. ಹಳೆಯದನ್ನು ಎತ್ತಲಿಲ್ಲ. ಮೊದಲಿನ ಹಾಗೆ ಚಹಾ ಕುಡಿದಳು, ಈ ಕತೆಗೆ ಯಾವ ಪತ್ರಿಕೆ ಸರಿ ಎಂದು ಏನೂ ತಿಳಿಯದವಳಂತೆ ಕೇಳಿದಳು. ಅವನು ಮೊದಲ ಪುಟ ಓದುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡ. ಮೀನು ಗಾಳ ಕಚ್ಚಿತು ಎಂದು ಅವಳು ಮನಸ್ಸಿನಲ್ಲೇ ನಕ್ಕಳು.

ಮುಂದಿನ ಸುದ್ದಿ ಬೀಳಗಿಯ ಕಾವ್ಯಳಿಂದ ಬಂತು. ಅವಳೂ ಕತೆ ಬರೆಯುವವಳು, ಅನಂತಪ್ಪನ ಅಂಗಡಿಗೆ ಹೋಗಿ ಬರುವವಳು. ಕಾಕಾ ಪೇಢೆ ಹಂಚಿದರು, ಈ ಸಲವೂ ಮೊದಲ ಬಹುಮಾನ ನಮ್ಮ ಕಡೆಗೇ ಬಂತಂತೆ, ಹೊಳೆಯ ಮೇಲಿನ ಕತೆಯಂತೆ, ಉಳಿದದ್ದು ಸಂಚಿಕೆ ಬಂದ ಮೇಲೆ ಎಂದು ನಗುತ್ತಾರೆ ಎಂದು ಫೋನಿನಲ್ಲಿ ಹೇಳಿದಳು. ಎಷ್ಟು ಸೊಕ್ಕು ಎನ್ನಿಸಿತು ಪೂರ್ಣಿಮಾಳಿಗೆ. ಕದ್ದದ್ದಕ್ಕೂ ಪೇಢೆ!

ಸಂಚಿಕೆ ಬರುವ ತನಕ ಕಾಯಬಾರದು. ತಡವಾದರೆ ಜಮಖಂಡಿಯಲ್ಲಿ ಇನ್ನೊಂದು ಶಾಲು. ಸಂಚಿಕೆ ಅಂಗಡಿಗೆ ಬರುವ ಹೊತ್ತಿಗೆ ಲಕೋಟೆಯೂ ಸಂಪಾದಕರ ಮೇಜಿನ ಮೇಲಿರಬೇಕು. ಬಹುಮಾನ ಕೊಟ್ಟ ಪತ್ರಿಕೆಗೊಂದು, ರೊಕ್ಕ ಕೊಡುತ್ತವೆಂದು ಅನಂತಪ್ಪನೇ ತಿಳಿಸಿದ್ದ ಉಳಿದ ಪತ್ರಿಕೆಗಳಿಗೆ ಒಂದೊಂದು ಲಕೋಟೆ ಸಿದ್ಧ ಮಾಡಿದಳು. ಝೆರಾಕ್ಸಿನ ಜೊತೆ ಚೀಟಿಯಲ್ಲಿ ಅವನ ಹೆಸರು ಬರೆಯಲಿಲ್ಲ. ಹೆಸರು ಬರೆದರೆ ಯಾರೋ ಹಗೆಯವರ ಕೆಲಸ ಎನ್ನುತ್ತಾರೆ. "ಈ ಸಲದ ಮೊದಲ ಬಹುಮಾನದ ಕತೆಯ ಮೂಲ ಇಲ್ಲಿದೆ. ಬರೆದವರನ್ನೇ ಕೇಳಿ." ಇಷ್ಟೇ. ಬನಹಟ್ಟಿಯ ಮುದ್ರೆ ಬೀಳಬಾರದೆಂದು ಮುಧೋಳಕ್ಕೆ ಹೋಗಿ ಅಂಚೆಪೆಟ್ಟಿಗೆಗೆ ಹಾಕಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಹತ್ತಿತು.

ಆ ವಾರ ಕಳೆಯುವ ಮೊದಲೇ, ಒಂದು ಮಧ್ಯಾಹ್ನ, ಅನಂತಪ್ಪ ಬನಹಟ್ಟಿಗೆ ಬಂದ. ಕೈಯಲ್ಲಿ ಪೇಢೆಯ ಡಬ್ಬಿ, ಕಂಕುಳಲ್ಲಿ ಹೊಸ ವಿಶೇಷಾಂಕ. ಸುತ್ತಲ ಪವರ್‌ಲೂಮಿನ ಸದ್ದಿಗೆ ಮಾತು ಕೇಳದೆಂದು ಒಳಗೆ ಬಂದು ಕೂತ. ಪುಟ ತೆರೆದು ಅವಳ ಮುಂದೆ ಇಟ್ಟ. ಕತೆಯ ಕೆಳಗೆ 'ಪೂರ್ಣಿಮಾ, ಬನಹಟ್ಟಿ' ಎಂದಿತ್ತು. ಪಕ್ಕದಲ್ಲಿ ಪೂರ್ಣಿಮಾಳದೇ ನಗುಮುಖದ ಫೋಟೋ; ಯಾಕೆಂದು ಹೇಳದೆ ಕಾವ್ಯಳಿಂದ ತರಿಸಿಕೊಂಡೆ ಎಂದ. ಅತ್ತೆ ಕನ್ನಡಕ ಹಾಕಿಕೊಂಡು ಬಂದು, ಸೊಸೆಯ ಹೆಸರನ್ನು ಬೆರಳಿಟ್ಟು ಓದಿದಳು. ರಬಕವಿಗೆ ಫೋನು ಹಚ್ಚು, ನಿಮ್ಮವ್ವ ಕೇಳಲಿ ಎಂದಳು.

ಪೂರ್ಣಿಮಾಳಿಗೆ ಲಕೋಟೆಗಳ ನೆನಪಾಯಿತು. ಅವು ಆಗಲೇ ಮುಟ್ಟಿರುತ್ತವೆ. ಬರೆದವರನ್ನೇ ಕೇಳುತ್ತಾರೆ. ಹಳೆಯ ಕತೆಯನ್ನು ಬೇಕೆಂದೇ ಕದ್ದೆ, ಒಬ್ಬ ಮುದುಕನನ್ನು ಕೆಡವಲಿಕ್ಕೆ ಕದ್ದೆ ಎಂದು ಹೇಳಬೇಕು, ಇಲ್ಲವೇ ಸುಮ್ಮನೆ ಕೂರಬೇಕು. ನಿಮ್ಮ ಹೆಸರು ಯಾಕೆ ಹಾಕಲಿಲ್ಲ ಎಂದು ಕೇಳಿದಳು.

"ಹೋದ ವರ್ಷದ್ದು ನಂದ ತಪ್ಪ ತಂಗಿ. ಆಸೇಕ ಬಿದ್ದೆ," ಎಂದರು ಅನಂತಪ್ಪ. "ಆ ಪತ್ರಿಕಿಯವರಿಗೂ ಖರೆ ಬರದ ಹಾಕೇನಿ. ನೀ ಅವತ್ತ ಕ್ಷಮಾ ಮಾಡೇನಿ ಅಂದ ಮ್ಯಾಲ, ಮತ್ತ ಅದನ್ನ ಹೆಂಗ ಮಾಡ್ಲಿ?"

ಅವತ್ತು ಎಂದರೆ, ಅವಳು ಕತೆ ಕೊಡಲು ಹೋದ ದಿನ. ದಶಲಕ್ಷಣ ಪರ್ವ ಮುಗಿದು, ಜೈನರು ವರ್ಷದ ತಪ್ಪಿಗೆಲ್ಲ ಎದುರಾದವರ ಕ್ಷಮೆ ಕೇಳುವ ಕ್ಷಮಾವಾಣಿ ಅವತ್ತೇ ಇತ್ತು. ತಾರೀಖು, ಪತ್ರಿಕೆ, ಅಂಚೆಯ ಮುದ್ರೆ ಎಲ್ಲವನ್ನೂ ಲೆಕ್ಕ ಹಾಕಿದವಳು ಅದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಎದ್ದು ಹೊರಟಾಗ ಅನಂತಪ್ಪನವರು ಕೈ ಜೋಡಿಸಿ, ನನ್ನದು ತಪ್ಪಾಗಿದೆ, ಕ್ಷಮಾ ಮಾಡು ಎಂದು ಕೇಳಿದ್ದರು. ಓಣಿಯ ಜೈನರ ಮನೆಯವರು ಪ್ರತಿ ವರ್ಷ ಅವಳಿಗೂ ಹಾಲಿನವನಿಗೂ ಹೇಳುವ ಮಾತೇ ಅದು. ಅವಳು ಬಸ್ಸು ತಪ್ಪೀತೆಂಬ ಅವಸರದಲ್ಲಿ, ಪ್ರತಿ ವರ್ಷ ಅವರಿಗೆಲ್ಲ ಹೇಳುವ ಹಾಗೆಯೇ, ಮಾಡೇನ್ರಿ ಕಾಕಾ ಎಂದು ಮೆಟ್ಟಿಲು ಇಳಿದಿದ್ದಳು.