ಗಿಡ್ಡ ಕಾಲಿನ ಬೆಳ್ಳಕ್ಕಿ

ಸೋಮವಾರ ಬೆಳಿಗ್ಗೆ ಪತ್ರಿಕೆಯ ಮುಖಪುಟ ಕಂಡು ಸ್ಟುಡಿಯೋದವರೆಲ್ಲ ನಿಂತಲ್ಲೇ ನಿಂತರು. ಸಾಬೂನು ಕಾರ್ಖಾನೆಯೊಂದಕ್ಕೆಂದು ಎರಡು ತಿಂಗಳಿಂದ ಗುಟ್ಟಾಗಿ ರೂಪಿಸಿದ್ದ ಲಾಂಛನ, ಒಂಟಿ ಗೆರೆಯಲ್ಲಿ ಬರೆದ ಬೆಳ್ಳಕ್ಕಿ, ಬೇರೊಂದು ಕಂಪನಿಯ ಜಾಹೀರಾತಿನಲ್ಲಿ ರೆಕ್ಕೆ ಮಡಚಿ ನಿಂತಿತ್ತು. ಜಾಹೀರಾತು ಮಾಡಿದ್ದು ಎದುರಾಳಿ ಸ್ಟುಡಿಯೋ.

ಕಳ್ಳಿಯನ್ನು ಹಿಡಿಯಲು ವಿನ್ಯಾಸ ವಿಭಾಗದ ಮುಖ್ಯಸ್ಥನಿಗೆ ಐದು ನಿಮಿಷವೂ ಬೇಕಾಗಲಿಲ್ಲ. ಅವನು ಯಜಮಾನರ ಅಳಿಯ. ಆ ಕುರ್ಚಿ ಅವನಿಗೆ ಸಿಕ್ಕಿದ್ದೂ ಹಾಗೆಯೇ. ಹತ್ತು ವರ್ಷದಿಂದ ತನ್ನ ಕೈಯಾರೆ ಒಂದು ಗೆರೆ ಎಳೆದವನಲ್ಲ. ಇನ್ನೊಬ್ಬರು ಬರೆದದ್ದರ ಮುಂದೆ ಗಲ್ಲಕ್ಕೆ ಬೆರಳಿಟ್ಟು "ಇನ್ನೂ ಸ್ವಲ್ಪ ಜೀವ ಬರಲಿ" ಎನ್ನುವುದೇ ಅವನ ಕಸುಬಾಗಿತ್ತು. ಬೆಳ್ಳಕ್ಕಿ ಬರೆದ ಡಿಸೈನರ್ ಹೆಣ್ಣುಮಗಳ ಕಡೆ ಅವನು ಕೈ ತೋರಿಸಿದ. ಕಡತ ಇದ್ದದ್ದು ಅವಳ ಕಂಪ್ಯೂಟರಿನಲ್ಲಿ ಮಾತ್ರ. ಅವಳ ಅಕ್ಕನ ಗಂಡ ಕೆಲಸ ಮಾಡುವುದು ಎದುರಾಳಿಗಳ ಬಳಿ. ಇಷ್ಟು ಸಾಕಾಯಿತು. ಬುಧವಾರ ತೀರ್ಮಾನ ಹೇಳುತ್ತೇನೆ, ಅಲ್ಲಿಯವರೆಗೆ ಕೆಲಸ ಮುಟ್ಟಬೇಡ ಎಂದರು ಯಜಮಾನರು. ಅವಳು ಪೆನ್ಸಿಲುಗಳನ್ನು ಡಬ್ಬಿಗೆ ತುಂಬಿ ಒಂದು ಮೂಲೆಯಲ್ಲಿ ಕುಳಿತಳು.

ಮುದ್ರಣ ಕೋಣೆಯವನು ಇದನ್ನೆಲ್ಲ ಬಾಗಿಲ ಸಂದಿಯಿಂದ ನೋಡಿದ. ಅವಳ ಮುಖ ನೋಡಲು ಅವನಿಗೆ ಮನಸ್ಸಾಗಲಿಲ್ಲ. ಅವನ ಕೋಣೆಯಲ್ಲೇ ಮೇಜು ಹಾಕಿಕೊಂಡಿದ್ದವರು ಕರಡು ತಿದ್ದುವ ಹಿರಿಯರು. ಒಂದು ಅಲ್ಪವಿರಾಮ ತಪ್ಪಿದ್ದರೂ ಅನ್ನ ಸೇರದ ಮನುಷ್ಯ. ಆಫೀಸಿನಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಕೊನೆಗೆ ಪತ್ತೆ ಹಚ್ಚುತ್ತಿದ್ದವರು ಅವರೇ. ಅದಕ್ಕೇ ಎಲ್ಲರೂ ಅವರನ್ನು ಭೂತಗನ್ನಡಿ ಎನ್ನುತ್ತಿದ್ದರು.

ಭೂತಗನ್ನಡಿ ಪತ್ರಿಕೆಯ ಹಕ್ಕಿಯನ್ನೂ ಸ್ಟುಡಿಯೋದ ಹಕ್ಕಿಯನ್ನೂ ಅಕ್ಕಪಕ್ಕ ಇಟ್ಟು ಅಳತೆಪಟ್ಟಿ ತೆಗೆದರು.

"ಇವರ ಹಕ್ಕಿ ಯಾಕಯ್ಯಾ ಕುಳ್ಳಗಿದೆ? ತಲೆ ದಪ್ಪ, ಕಾಲು ಗಿಡ್ಡ. ಪಾದದಲ್ಲಿ ಮೂರು ಬೆರಳು. ನಮ್ಮದಕ್ಕೆ ಎರಡೇ."

ಮೊದಲು ನಮ್ಮದಕ್ಕೂ ಮೂರೇ ಇತ್ತು ಎಂದ ಮುದ್ರಣ ಕೋಣೆಯವನು. ಮೂರು ವಾರದ ಹಿಂದೆ ಅವನು ಅದನ್ನು ಒಂದೇ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟಿದ್ದ. ಅವಳು ಅದನ್ನು ಸಭೆಗೆ ಒಯ್ದಿದ್ದಳು. ಮುಗಿದೊಡನೆ ಬಂದು ಅವನೆದುರೇ ಚೂರು ಮಾಡುವ ಯಂತ್ರಕ್ಕೆ ಹಾಕಿದ್ದಳು. ಮರುದಿನ ಬೆರಳು ಎರಡಾಗಿತ್ತು.

ಭೂತಗನ್ನಡಿ ಎದ್ದು ಗಿರಾಕಿಗಳನ್ನು ನೋಡಿಕೊಳ್ಳುವ ಮ್ಯಾನೇಜರನ ಬಳಿ ಹೋದರು. ಆ ಸಭೆಯಲ್ಲಿ ಇದ್ದದ್ದು ಮೂರೇ ಜನ. ಅವಳೂ ನಾನೂ ಮೇಜಿನ ಈಚೆ ಒಟ್ಟಿಗೆ ಕುಳಿತಿದ್ದೆವು, ಹಾಳೆ ನಮ್ಮ ಕಡೆಗೆ ಮುಖ ಮಾಡಿತ್ತು ಎಂದ ಮ್ಯಾನೇಜರ್. ಅಳಿಯ ಎದುರಿಗೆ, ತನ್ನ ಎತ್ತರದ ಬೆನ್ನಿನ ಕುರ್ಚಿಯಲ್ಲಿದ್ದ. ಹಾಳೆಯನ್ನು ತನ್ನತ್ತ ತಿರುಗಿಸಿಕೊಳ್ಳುವಷ್ಟು ಸೌಜನ್ಯವೂ ಇಲ್ಲದೆ, ಅವಳು ವಿವರಿಸುತ್ತಿದ್ದಷ್ಟು ಹೊತ್ತೂ ಫೋನ್ ಕೆದಕುತ್ತಿದ್ದನಂತೆ.

ಬುಧವಾರ ಸಭೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಯಜಮಾನರು ಬಾಯಿ ತೆರೆಯುವ ಮೊದಲೇ ಭೂತಗನ್ನಡಿ ಮಾತಾಡಲು ಅಪ್ಪಣೆ ಕೇಳಿದರು. ಕಾಗುಣಿತದ ಪಾಠವೋ ಎಂದು ಅಳಿಯ ನಕ್ಕ.

"ಕಡತ ಕೈಲಿದ್ದವಳು ಅದನ್ನೇ ಕಳಿಸ್ತಾಳೆ," ಎಂದರು ಅವರು. "ಆಗ ಹಕ್ಕಿ ಅಳತೆಗೆ ಸರಿಯಾಗಿರುತ್ತೆ. ಇದನ್ನ ಯಾರೋ ಫೋಟೋ ನೋಡಿ ಗೆರೆ ಎಳೆದು ಕದ್ದಿದ್ದಾರೆ. ಮೇಜಿನ ಮೇಲೆ ಮಲಗಿದ ಹಾಳೆಯನ್ನ ಓರೆಯಾಗಿ ತೆಗೆದ ಫೋಟೋ. ಅದಕ್ಕೇ ಕುಳ್ಳಗಾಗಿದೆ."

ಮೂರು ಬೆರಳಿನ ಹಾಳೆ ಒಂದೇ ಇದ್ದದ್ದನ್ನೂ ಅದು ಚೂರಾದದ್ದನ್ನೂ ವಿವರಿಸಿ, ಫೋಟೋ ತೆಗೆಯಲು ಆ ಸಭೆಯ ಹೊರತು ಬೇರೆ ಹೊತ್ತೇ ಇರಲಿಲ್ಲ ಎಂದರು. ಅಂಥದೇ ಒಂದು ಹಕ್ಕಿಯನ್ನು ಅಚ್ಚು ಹಾಕಿಸಿ, ಅಂದಿನಂತೆಯೇ ಈಚೆಗೆ ಮುಖ ಮಾಡಿ ಮೇಜಿನ ಮೇಲಿಟ್ಟರು. ಮುದ್ರಣ ಕೋಣೆಯವನು ಈಚೆಯ ಎರಡು ಕುರ್ಚಿಗಳಿಂದ ಫೋಟೋ ತೆಗೆದ. ಕಾಲು ಹತ್ತಿರವಿದ್ದುದರಿಂದ ದೊಡ್ಡದಾಗಿ ಬಂತು, ತಲೆ ಚಿಕ್ಕದಾಯಿತು. ಅಂದು ಅಳಿಯ ಕುಳಿತಿದ್ದ ಎದುರಿನ ಕುರ್ಚಿಯಿಂದ ತೆಗೆದಾಗ ಹಕ್ಕಿ ತಲೆಕೆಳಗಾಗಿತ್ತು. ಫೋನ್ ತಿರುಗಿಸಿ ಹಿಡಿದ. ದಪ್ಪ ತಲೆ, ಗಿಡ್ಡ ಕಾಲು. ಪತ್ರಿಕೆಯಲ್ಲಿದ್ದದ್ದೇ ಅದು.

"ಕದಿಯೋದಕ್ಕೂ ಒಂಚೂರು ಕಣ್ಣು ಬೇಕಪ್ಪಾ," ಎಂದರು ಭೂತಗನ್ನಡಿ ಅಳಿಯನಿಗೆ. "ಓರೆಯಾಗಿ ಬಂದದ್ದನ್ನ ನೆಟ್ಟಗೆ ಮಾಡಬೇಕು ಅಂತಲೂ ನಿಮಗೆ ಹೊಳೀಲಿಲ್ಲ."

ಇದೆಲ್ಲ ಮಕ್ಕಳಾಟ, ತನಗೆ ಇದರಿಂದ ಲಾಭವೇನು ಎಂದ ಅಳಿಯ. ಅದನ್ನು ಬಳಸಿದವರನ್ನೇ ಕೇಳಬಹುದಲ್ಲ ಎಂದರು ಭೂತಗನ್ನಡಿ. ಯಜಮಾನರು ಎದುರಾಳಿ ಸ್ಟುಡಿಯೋದ ಮಾಲೀಕನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟು, ಆ ಬೆಳ್ಳಕ್ಕಿ ಯಾರ ಕೈಯದು ಎಂದು ಕೇಳಿದರು.

"ನಿಮ್ಮ ಅಳಿಯಂದಿರದೇ ಅಲ್ವಾ?" ಎಂದಿತು ಆ ಕಡೆಯ ದನಿ. "ಇಲ್ಲಿಗೆ ಕೆಲಸಕ್ಕೆ ಬರ್ತೀನಿ, ನನ್ನ ಕೈ ನೋಡಿ ಅಂತ ತೋರಿಸಿದ್ರು. ಇಷ್ಟವಾಯ್ತು, ಬಳಸಿಬಿಟ್ವಿ. ನಿಮಗೆ ಗೊತ್ತು ಅಂದಿದ್ರಲ್ಲ?"

ಅಳಿಯ ಇಳಿದನಿಯಲ್ಲಿ, ಬರೀ ಮಾದರಿಗೆ ತೋರಿಸಿದ್ದೆ, ಅವರು ಅಚ್ಚು ಹಾಕುತ್ತಾರೆ ಅಂದುಕೊಂಡಿರಲಿಲ್ಲ ಎಂದ. ಯಜಮಾನರು ಅವನತ್ತ ನೋಡದೆಯೇ ಬಾಗಿಲು ತೋರಿಸಿದರು. ಅವನು ಹೋದ ಮೇಲೆ ಡಿಸೈನರಿಗೆ, ಆ ಕುರ್ಚಿ ಇನ್ನು ನಿನ್ನದು ಎಂದರು.

"ಕುರ್ಚಿ ಬೇಡ ಸರ್," ಎಂದಳು ಅವಳು. "ಅಕ್ಕನ ಗಂಡ ಅಲ್ಲಿದ್ದಾರೆ ಅಂದ ತಕ್ಷಣ ನೀವು ನಂಬಿದ್ರಿ. ನನ್ನನ್ನ ಒಂದು ಮಾತೂ ಕೇಳಲಿಲ್ಲ. ಕಾರ್ಖಾನೆಯವರಿಗೆ ಬೇರೆ ಲಾಂಛನ ಮಾಡಿಕೊಡ್ತೀನಿ. ಆಮೇಲೆ ನನ್ನ ದಾರಿ ನನಗೆ."

ಯಜಮಾನರು ಭೂತಗನ್ನಡಿಯ ಕಡೆ ತಿರುಗಿದರು. ಅವರು ನೆರವಿಗೆ ಹೋಗಲಿಲ್ಲ; ಅಳಿಯನನ್ನು ನೋಡಿದ ಕಣ್ಣಿನಲ್ಲೇ ಮಾವನನ್ನೂ ಒಮ್ಮೆ ನೋಡಿ ಎದ್ದುಹೋದರು.

ಮುದ್ರಣ ಕೋಣೆಯವನು ಅವಳ ಹಿಂದೆಯೇ ಹೊರಗೆ ಬಂದ. ಹಾಳೆ ಚೂರಾದದ್ದನ್ನು ಕಣ್ಣಾರೆ ಕಂಡಿದ್ದವನು ಅವನೊಬ್ಬನೇ. ಆದರೂ ಸೋಮವಾರ ಅವನು ಬಾಯಿ ಬಿಚ್ಚಿರಲಿಲ್ಲ.

"ಅವತ್ತು ನಾನೂ ನಂಬಿಬಿಟ್ಟೆನಮ್ಮಾ," ಎಂದ.

"ಗೊತ್ತಿತ್ತು," ಎಂದಳು ಅವಳು. ಸ್ವರದಲ್ಲಿ ಸಿಟ್ಟೇನೂ ಇರಲಿಲ್ಲ. ಹೊಸ ಹಾಳೆಗಳು ಬೇಕು ಎಂದಷ್ಟೇ ಹೇಳಿ ತನ್ನ ಮೇಜಿಗೆ ಹೋದಳು. ಅವನು ಒಂದು ಕಟ್ಟು ಹಾಳೆ ತಂದಿಟ್ಟ. ಅವಳು ತಲೆ ಎತ್ತಲಿಲ್ಲ.