ಏರಿಯ ಮೇಲೆ ನುಂಗಿದ ಮಾತು

"ಇಳಿ ರೂಪಿ, ಕೆಳಗಿಳಿ. ಇಲ್ಲಿಂದ ನಡ್ಕೊಂಡು ಬಾ."

ಶಿವಣ್ಣ ಪವರ್ ಟಿಲ್ಲರನ್ನು ಚಾನಲ್ ಏರಿಯ ಮೇಲೆ ನಿಲ್ಲಿಸಿದ. ಹಿಂದಿನ ಟ್ರೇಲರ್‌ನಲ್ಲಿ, ಭತ್ತದ ಸಸಿಯ ಕಟ್ಟುಗಳ ಮೇಲೆ ರೂಪಶ್ರೀ ರಾಣಿಯ ಹಾಗೆ ಕುಳಿತಿದ್ದಳು. ಮುಂದೆ ಗದ್ದೆಗೆ ಇಳಿಯುವ ದಾರಿ. ಕಡಿದಾದ ಇಳಿಜಾರು, ಎರೆಮಣ್ಣು, ಸಾಲದ್ದಕ್ಕೆ ಚಾನಲ್ಲಿನಿಂದ ಸೋರಿದ ನೀರು.

"ನಾನ್ಯಾಕ ಇಳೀಬೇಕು? ಗಟ್ಟಿ ಹಿಡ್ಕೊಂಡು ಕೂರ್ತೀನಿ."

"ಬ್ಯಾಡ. ಇಳಿಜಾರಿನಾಗ ಟ್ರೇಲರ್‌ನಾಗ ಯಾರೂ ಕೂರಂಗಿಲ್ಲ. ಸುಮ್ನೆ ಇಳಿ."

ಕೆಳಗೆ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಜೊತೆ ಸುಧಾ ನಿಂತಿದ್ದಳು. ಐದನೇ ಕ್ಲಾಸಿನಲ್ಲಿ ರೂಪಶ್ರೀಯ ಪಕ್ಕದಲ್ಲೇ ಕೂರುವ ಹುಡುಗಿ. ಭಾನುವಾರವಾದ್ದರಿಂದ ತಾಯಿ ಉಡಚಮ್ಮನ ಜೊತೆ ಬಂದಿದ್ದಳು. "ನಮ್ ಹೊಸ ಟಿಲ್ಲರ್‌ನಾಗೇ ಗದ್ದೆಗೆ ಇಳಿದು ಬರ್ತೀನಿ, ನೋಡ್ತಿರು" ಎಂದು ರೂಪಶ್ರೀ ನಿನ್ನೆಯಷ್ಟೇ ಜಂಬ ಕೊಚ್ಚಿದ್ದಳು. ಈಗ ಸುಧಾಳ ಕಣ್ಣೆದುರಿಗೆ ನಡೆದುಕೊಂಡು ಹೋಗಬೇಕೇ?

ಇಳಿದಳು. ಮುಖ ಮಾತ್ರ ಊದಿಸಿಕೊಂಡಳು.

ನಿಜ ಹೇಳಬೇಕೆಂದರೆ, ಅವಳು ಬಂದದ್ದು ಸವಾರಿಗೇ ಅಲ್ಲ. ಸಸಿ ಕೀಳಿಸುತ್ತಿದ್ದ ಅಪ್ಪ ಕೊಟ್ರೇಶ್, ಹೊರಟಿದ್ದ ಟಿಲ್ಲರಿನ ಹಿಂದೆ ಅವಳನ್ನು ಓಡಿಸಿದ್ದು ಒಂದು ಮಾತು ಹೇಳಲಿಕ್ಕೆ. "ಶಿವು ಏರಿ ಮ್ಯಾಲೇ ನಿಲ್ಸಿರ್ಲಿ ಅಂತ ಹೇಳು. ಗದ್ದೆಗೆ ಇಳಿಸೋದು ನಾನೇ. ಇಳಿಜಾರಿನಾಗ ಕ್ಲಚ್ ಉಲ್ಟಾ ಕೆಲ್ಸ ಮಾಡ್ತೈತೆ. ಎಡಗಡೇದು ಹಿಡಿದ್ರೆ ಗಾಡಿ ಬಲಕ್ಕೆ ಹೋಗ್ತೈತೆ. ಅವನಿಗೆ ಗೊತ್ತಿಲ್ಲ."

ಶಿವಣ್ಣ ಅವಳ ದೊಡ್ಡಪ್ಪನ ಮಗ, ಪಿಯುಸಿ ಓದುತ್ತಿದ್ದ. ತೊಂಬತ್ತೇಳರ ದೀಪಾವಳಿಗೆ ಮನೆಗೆ ಬಂದ ಟಿಲ್ಲರನ್ನು ಅವನು ಓಡಿಸಲು ಕಲಿತು ಇನ್ನೂ ಹದಿನೈದು ದಿನ. ಎಡ ಹಿಡಿಯ ಕೆಳಗಿನ ಕ್ಲಚ್ ಹಿಡಿದರೆ ಎಡಕ್ಕೆ, ಬಲಗಡೆಯದು ಹಿಡಿದರೆ ಬಲಕ್ಕೆ. ಸಮ ನೆಲದ ಈ ಪಾಠ ಬಿಟ್ಟರೆ ಬೇರೇನೂ ಅವನಿಗೆ ಗೊತ್ತಿರಲಿಲ್ಲ.

"ಕಾಕ ಏನಾರ ಹೇಳಿ ಕಳ್ಸಿದ್ನೇನು?" ಎಂದು ಅವನು ಕೇಳಿದ.

ಮಾತು ನಾಲಗೆಯ ತುದಿಯಲ್ಲೇ ಇತ್ತು. ನನ್ನನ್ನು ಇಳಿಸಿದನಲ್ಲ, ನಾನ್ಯಾಕೆ ಹೇಳಲಿ?

"ಏನಿಲ್ಲ" ಎಂದಳು ರೂಪಶ್ರೀ.

ಟಿಲ್ಲರ್ ಗುಡುಗುಡು ಎನ್ನುತ್ತಾ ಇಳಿಯತೊಡಗಿತು. ಅರ್ಧ ಇಳಿದ ಮೇಲೆ ದಾರಿ ಎಡಕ್ಕೆ ತಿರುಗುತ್ತದೆ. ಬಲಕ್ಕೆ ಗದ್ದೆಯ ನೀರು ಬಸಿಯುವ ಆಳವಾದ ಕಾಲುವೆ. ಶಿವಣ್ಣ ಎಡಗಡೆಯ ಕ್ಲಚ್ ಹಿಡಿದ. ಟಿಲ್ಲರ್ ಬಲಕ್ಕೆ ಹೊರಳಿತು. ಅವನು ಗಾಬರಿಯಾಗಿ ಇನ್ನೂ ಗಟ್ಟಿಯಾಗಿ ಹಿಡಿದ. ಅದು ಇನ್ನೂ ಬಲಕ್ಕೆ ಹೋಯಿತು.

"ಶಿವಣ್ಣಾ, ಬಿಡು! ಕ್ಲಚ್ ಬಿಡು!"

ಎಂಜಿನ್ನಿನ ಸದ್ದಿನಲ್ಲಿ ಅವಳ ಕೂಗು ಯಾರಿಗೆ ಕೇಳಬೇಕು? ಟಿಲ್ಲರ್ ಕಾಲುವೆಗೆ ಮಗುಚಿತು. ಅದರ ಹಿಂದೆಯೇ ಟ್ರೇಲರ್ ಕೂಡ ತಲೆಕೆಳಗಾಯಿತು.

ಉಡಚಮ್ಮ ಮತ್ತು ಉಳಿದ ಹೆಂಗಸರು ಕೆಸರಿನಲ್ಲೇ ಓಡಿ ಬಂದು ಟಿಲ್ಲರ್ ಎತ್ತಿ ಹಿಡಿದರು. ಶಿವಣ್ಣನ ಬಲಗೈ ಅದರ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ರೂಪಶ್ರೀ ಕುಳಿತಿದ್ದ ಸಸಿ ಕಟ್ಟುಗಳು ಟ್ರೇಲರ್‌ನ ಅಡಿಯಲ್ಲಿ ನುಜ್ಜುಗುಜ್ಜಾಗಿದ್ದವು.

ಹರಿಹರದಲ್ಲಿ ಎಕ್ಸ್‌ರೇ ತೆಗೆಸಿದರು. ಮುಂಗೈಯ ಎರಡೂ ಮೂಳೆ ಮುರಿದಿದ್ದವು. ದಾವಣಗೆರೆಗೆ ಕರೆದೊಯ್ದು ಆಪರೇಷನ್ ಮಾಡಿಸಬೇಕಾಯಿತು.

ನಾಲ್ಕನೇ ದಿನ ರೂಪಶ್ರೀ ಅಪ್ಪನ ಜೊತೆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದಳು. ಶಿವಣ್ಣನ ಕೈ ಮೊಣಕೈ ದಾಟಿ ಬ್ಯಾಂಡೇಜಿನಲ್ಲಿತ್ತು. ಅಪ್ಪನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ.

"ರೂಪಿನ ಓಡಿಸಿ ಹೇಳಿ ಕಳ್ಸಿದ್ರೂ ಕೇಳ್ಲಿಲ್ಲ ನೀನು. ಇನ್ಮ್ಯಾಲೆ ಟಿಲ್ಲರ್ ಮುಟ್ಟಬ್ಯಾಡ. ನಿನ್ನ ನಂಬಿ ಗಾಡಿ ಕೊಡಂಗಿಲ್ಲ."

ಶಿವಣ್ಣ ರೂಪಶ್ರೀಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದಳು.

"ತಪ್ಪಾತು ಕಾಕಾ" ಎಂದ ಶಿವಣ್ಣ. ಅಷ್ಟೇ.

ರೂಪಶ್ರೀಗೆ ತಡೆಯಲಾಗಲಿಲ್ಲ.

"ಅಪ್ಪಾ, ನಾನು ಹೇಳ್ಲೇ ಇಲ್ಲ. ಶಿವಣ್ಣ ಕೇಳಿದ. ನಾನೇ ಏನಿಲ್ಲ ಅಂದೆ. ಟ್ರೇಲರ್‌ನಿಂದ ಇಳಿಸಿದ್ದಕ್ಕೆ ಸಿಟ್ಟು ಬಂದಿತ್ತು."

ಬೈಗುಳ ಬೀಳುತ್ತದೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಬೀಳಲಿಲ್ಲ. ಅಪ್ಪ ಮಂಚದ ತುದಿಯಲ್ಲಿ ಕುಸಿದು ಕುಳಿತು, ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ನಾನೇ ಬರ್ಬೇಕಿತ್ತು" ಎಂದ. "ನಾಕು ದಿನದಿಂದ ನಿನ್ನ ಬೈತಾ ಇದೀನಲ್ಲೋ ಶಿವು. ಒಂದ್ಸಲನಾರ ಬಾಯಿ ಬಿಡಬಾರ್ದಿತ್ತೇನು?"

"ಸಣ್ಣಾಕಿ ಕಾಕಾ. ಬೈಬ್ಯಾಡ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ರೂಪಶ್ರೀ ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲ ಹೇಳಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಶಿವಣ್ಣ ಎಡಗೈಯಲ್ಲಿ ಲೋಟ ಎತ್ತಿದ. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಅವಳು ಓಡಿ ಹೋಗಿ ಲೋಟ ಹಿಡಿದುಕೊಂಡಳು.

"ಸಾರಿ ಶಿವಣ್ಣ. ಕೈ ಸರಿ ಹೋಗಾಕೆ ಎಷ್ಟು ದಿನ ಬೇಕಂತೆ?"

"ಮೂರು ತಿಂಗಳು ಅಂದ್ರು ಡಾಕ್ಟ್ರು."

ಅಪ್ಪನ ಮಾತು ಹೇಳಲು ಏರಿಯ ಮೇಲೆ ಎಷ್ಟು ಹೊತ್ತು ಬೇಕಿತ್ತು ಎಂದು ರೂಪಶ್ರೀ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ನಿಮಿಷವೂ ಬೇಕಿರಲಿಲ್ಲ.