ಹದ್ದಿನ ಪಕ್ಕದ ಸೀಟು

ಮೂರು ವಾರದಿಂದ ಹದ್ದು ಫಸ್ಟ್ ಏಡ್ ರೂಮಿನ ಕಡೆ ತಲೆ ಹಾಕಿರಲಿಲ್ಲ.

ಹದ್ದು ಎಂದರೆ ಅಮ್ಯೂಸ್‌ಮೆಂಟ್ ಪಾರ್ಕಿನ ಮೆಕ್ಯಾನಿಕ್. ಬೆಳಿಗ್ಗೆ ಗೇಟು ತೆರೆಯುವ ಮೊದಲೇ ಸೊಂಟಕ್ಕೆ ಬೆಲ್ಟು ಬಿಗಿದು, ಹನ್ನೆರಡು ಮಹಡಿ ಎತ್ತರದ ರೈಡಿನ ಹಳಿ ಹತ್ತಿ ಒಂದೊಂದೇ ಬೋಲ್ಟು ಮುಟ್ಟಿ ನೋಡುವವನಿಗೆ ಬೇರೆ ಯಾವ ಹೆಸರು ಒಪ್ಪೀತು? ಮೊದಲೆಲ್ಲ ಇಳಿದವನೇ ನೇರ ಪಾರ್ಕಿನ ನರ್ಸ್ ಆದ ಇವಳ ರೂಮಿಗೆ ಬರುತ್ತಿದ್ದ. ಕಣ್ಣಿಗೂ ಕಾಣದಂಥ ತರಚು ಗಾಯ ತೋರಿಸಿ, "ಡಾಕ್ಟ್ರಮ್ಮ, ಬದುಕ್ತೀನಾ?" ಎನ್ನುತ್ತಿದ್ದ. ಇಡೀ ಪಾರ್ಕಿಗೆ ಸಿಸ್ಟರ್ ಆದವಳು ಇವನೊಬ್ಬನಿಗೆ ಮಾತ್ರ ಡಾಕ್ಟ್ರಮ್ಮ. ಅದು ಯಾಕೆಂದು ಎಲ್ಲರಿಗೂ ಗೊತ್ತಿತ್ತು.

ಎರಡೂ ಮನೆಯಲ್ಲಿ ಮದುವೆ ಮಾತುಕತೆ ಮುಗಿದಿತ್ತು. ಈಗ ನೋಡಿದರೆ ಇವಳು ಎದುರಾದರೆ ಸಾಕು, ದಾರಿ ಬದಲಿಸುತ್ತಾನೆ. ಫೋನ್ ಮಾಡಿದರೆ ಬಿಜಿ. ಬೇರೆ ಯಾವಳೋ ಇದ್ದಾಳೆ ಎಂದು ತೀರ್ಮಾನಿಸಿಕೊಂಡ ಇವಳು ಟಿಕೆಟ್ ಕೌಂಟರಿನ ಹುಡುಗಿಯ ಮೇಲೆ ಸುಮ್ಮಸುಮ್ಮನೆ ಹಲ್ಲು ಮಸೆಯುತ್ತಿದ್ದಳು. ಪಾಪ, ಆ ಹುಡುಗಿ ದಿನಾ ನಗುನಗುತ್ತಾ ಗುಡ್ ಮಾರ್ನಿಂಗ್ ಹೇಳುತ್ತಿದ್ದಳು.

ಹೊಸ ಹಾರುವ ರೋಲರ್‌ಕೋಸ್ಟರ್ ಶುರುವಾಗಲು ಎರಡು ದಿನ ಬಾಕಿ. ಅವತ್ತು ಸ್ಟಾಫಿಗೆ ಟ್ರಯಲ್. ತಲೆ ತಿರುಗಿ ಬಂದವರನ್ನು ನೋಡಿಕೊಳ್ಳುವವಳು ತಾನೂ ಒಮ್ಮೆ ತಿರುಗಿ ಬರಲಿ ಎಂದು ಮ್ಯಾನೇಜರ್ ಅವಳನ್ನು ಮೊದಲ ಸಾಲಿನಲ್ಲೇ ಕೂರಿಸಿದರು. ಪಕ್ಕದಲ್ಲಿ ಹದ್ದು. ಇನ್ನು ಮುಂದೆ ಈ ರೈಡಿನ ಪೂರ್ತಿ ಜವಾಬ್ದಾರಿ ಅವನದು, ಎಂಟು ವರ್ಷ ಕಾದು ಸಿಕ್ಕ ಬಡ್ತಿ. ಎತ್ತರದ ಕೆಲಸಕ್ಕೆ ಅವನು ಫಿಟ್ ಎನ್ನುವ ಫಾರಂಗೆ ಅವಳ ಸಹಿಯೊಂದು ಬೀಳಬೇಕಿತ್ತು.

"ಯಾರ ಜೊತೆ ಬಿಜಿ?" ಅವಳು ಮುಂದೆ ನೋಡುತ್ತಲೇ ಕೇಳಿದಳು.

"ಹಳಿ ಜೊತೆ."

"ಹಳಿ ಟಿಕೆಟ್ ಕೌಂಟರಲ್ಲಿ ಕೂತಿರುತ್ತಾ?"

ಅವನು ತಿರುಗಿ ನೋಡಿದ. ತುಟಿಯ ಒಂದು ಮೂಲೆ ನಕ್ಕಿತು, ಕಣ್ಣು ನಗಲಿಲ್ಲ. "ಹುಚ್ಚಿ," ಎಂದ. ಅಷ್ಟಕ್ಕೇ ಮೂರು ವಾರದ ಸಿಟ್ಟು ಅರ್ಧ ಇಳಿದುಹೋಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸೀಟುಗಳು ಮೆಲ್ಲಗೆ ಮೇಲೆದ್ದು ಎಲ್ಲರನ್ನೂ ಬೋರಲು ಮಲಗಿಸಿದವು. ಬೆನ್ನ ಮೇಲೆ ಹಳಿ, ಎದೆಗೆ ಬಿಗಿದ ಪಟ್ಟಿ, ಮುಖದ ಕೆಳಗೆ ಬರೀ ಗಾಳಿ. ಮರಗಳು ಚಿಕ್ಕವಾದವು. ತುದಿಯಲ್ಲಿ ರೈಡು ಒಂದು ಕ್ಷಣ ನಿಂತು, ಬಿತ್ತು.

ಅವಳ ಜೀವ ಬಾಯಿಗೆ ಬಂತು. ಮರುಕ್ಷಣ ತಾನು ನಗುತ್ತಿದ್ದೇನೆ ಎಂದು ಗೊತ್ತಾಯಿತು. ಕೊಳದ ನೀರಿನ ಮೇಲೆ ಅವರಿಬ್ಬರ ನೆರಳು ಒಟ್ಟಿಗೆ ಓಡುತ್ತಿತ್ತು. "ನೋಡೋ, ಕೆಳಗೆ ನೋಡೋ," ಎಂದು ಕೂಗಿದಳು.

ಅವನು ನೋಡಲಿಲ್ಲ. ಮೊದಲೆಲ್ಲ ಹಳಿಯ ಮೇಲೆ ಕೂತು ಕಾಲು ಇಳಿಬಿಟ್ಟು ತಿಂಡಿ ತಿನ್ನುತ್ತಿದ್ದ ಮನುಷ್ಯ ಈಗ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದ.

ರೈಡು ನಿಂತಿತು. ಎಲ್ಲರೂ ಇಳಿದರು. ಅವನು ಕೂತಲ್ಲೇ ಬಗ್ಗಿದ. "ನೀನು ನಡಿ. ಲೇಸ್ ಕಟ್ಕೊಂಡು ಬರ್ತೀನಿ."

ಅವಳು ಕೆಳಗೆ ನೋಡಿದಳು. ಪಾರ್ಕಿನ ಮೆಕ್ಯಾನಿಕ್‌ಗಳ ಶೂಗೆ ಲೇಸೇ ಇರುವುದಿಲ್ಲ, ಜಿಪ್ಪು ಅಷ್ಟೇ. ಅವನ ಬೆರಳುಗಳು ಇಲ್ಲದ ಲೇಸನ್ನು ಹುಡುಕುತ್ತಿದ್ದವು.

ಎದ್ದು ನಿಲ್ಲಲು ಅವನಿಗೆ ಆಗುತ್ತಿಲ್ಲ ಎಂದು ಅವಳಿಗೆ ಹೊಳೆಯಿತು. ಬೇರೆ ಯಾವ ಹುಡುಗಿಯೂ ಇರಲಿಲ್ಲ. ಅವನು ತಪ್ಪಿಸಿಕೊಂಡು ಓಡಾಡುತ್ತಿದ್ದದ್ದು ಅವಳ ಪ್ರೀತಿಯಿಂದಲ್ಲ, ಅವಳ ನರ್ಸ್ ಕಣ್ಣಿನಿಂದ.

ರೂಮಿಗೆ ಕರೆತಂದು ಬಾಗಿಲು ಹಾಕಿದಳು. "ಕಣ್ಣು ಮುಚ್ಚು. ಒಂದೇ ಕಾಲಲ್ಲಿ ನಿಂತ್ಕೊ."

"ತಿಂಡಿ ತಿಂದಿಲ್ಲ, ಅದಕ್ಕೆ. ನಂಗೇನೂ ಆಗಿಲ್ಲ."

"ನಿಂತ್ಕೊ."

ಮೂರು ಎಣಿಸುವಷ್ಟರಲ್ಲಿ ಅವನು ವಾಲಿ ಟೇಬಲ್ ಹಿಡಿದುಕೊಂಡ. ಆಮೇಲೆ ಫಾರಂ ಅವಳ ಮುಂದೆ ತಳ್ಳಿದ. "ಸಹಿ ಹಾಕು. ನನ್ನ ಮೇಲೆ ಪ್ರೀತಿ ಇದ್ರೆ ಹಾಕು."

ಪ್ರೀತಿ ಎಂಬ ಮಾತು ಇವನ ಬಾಯಿಂದ ಬರಲಿ ಎಂದು ಅವಳು ಎರಡು ವರ್ಷದಿಂದ ಕಾದಿದ್ದಳು. ಬಂದದ್ದು ಹೀಗೆ.

"ಮೇಲಿಂದ ಬಿದ್ರೆ?"

"ಬೀಳಲ್ಲ."

"ಬಿದ್ರೆ ನಿನ್ನನ್ನ ಇಲ್ಲಿಗೇ ಎತ್ಕೊಂಡು ಬರೋದು. ಈ ಬೆಡ್ಡಿಗೇ, ನನ್ನ ಮುಂದೇನೇ. ಅದನ್ನ ಯೋಚನೆ ಮಾಡಿದೀಯಾ?"

"ಎಂಟು ವರ್ಷ ಕಣೇ." ಅವನು ಟೇಬಲ್ ಬಿಟ್ಟು ನೆಟ್ಟಗಾದ. "ಹಳಿ ಬಿಟ್ರೆ ನಾನೇನು? ನೆಲದ ಮೇಲೆ ನಿಂತ್ಕೊಂಡು ಆಕಾಶ ನೋಡ್ಲಾ?"

ಅವಳು ಬರೆದಳು: ಎತ್ತರದ ಕೆಲಸಕ್ಕೆ ಫಿಟ್ ಅಲ್ಲ, ಡಾಕ್ಟರ ತಪಾಸಣೆ ಆಗಬೇಕು. ಕೆಳಗೆ ಸಹಿ ಹಾಕಿದಳು.

"ಇನ್ಮೇಲೆ ನನ್ನ ಮಾತಾಡಿಸ್ಬೇಡ," ಎಂದು ಅವನು ಹೋದ. ಹೋಗುವಾಗ ಭುಜ ಬಾಗಿಲಿಗೆ ತಗುಲಿತು.

ಆ ಎರಡು ದಿನ ಅವಳಿಗೆ ಅನ್ನ ಇಳಿಯಲಿಲ್ಲ. "ಹುಡುಗನ ಜೊತೆ ಜಗಳಾನಾ?" ಎಂದು ಅಮ್ಮ ಕೇಳಿದರೆ, "ತಲೆನೋವಮ್ಮ," ಎಂದಳು. ಆ ಫಾರಂ ಹರಿದು ಹಾಕಬಹುದಿತ್ತು ಎಂದು ನೂರು ಸಲ ಅನಿಸಿತು. ಹರಿದಿದ್ದರೆ ಅವನು ಈಗ ಎಲ್ಲಿರುತ್ತಿದ್ದ ಎಂದು ಅಷ್ಟೇ ಸಲ ಹೆದರಿದಳು.

ಶುರುವಿನ ದಿನ ಬೆಳಿಗ್ಗೆ ಬೇರೊಬ್ಬ ಮೆಕ್ಯಾನಿಕ್ ಹಳಿ ಹತ್ತಿದ. ಮಧ್ಯಾಹ್ನದವರೆಗೆ ಆಕಾಶದಲ್ಲಿ ಜನರ ಕೂಗೋ ಕೂಗು. ಅವಳು ಔಷಧಿ ಬೀರು ಒರೆಸಿದ್ದನ್ನೇ ಒರೆಸುತ್ತಿದ್ದಾಗ ಬಾಗಿಲು ತೆರೆಯಿತು.

ಹದ್ದಿನ ಮೈಮೇಲೆ ಯೂನಿಫಾರಂ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ತಲೆ ತಿರುಗುತ್ತೆ," ಎಂದ.

ಅವಳು ಒರೆಸುವ ಬಟ್ಟೆ ಕೆಳಗಿಟ್ಟಳು.

"ಮೂರು ತಿಂಗಳಾಯ್ತು. ಎಡಗಿವೀಲಿ ಗುಂಯ್ ಅನ್ನುತ್ತೆ, ಆಮೇಲೆ ನೆಲಾನೇ ವಾಲುತ್ತೆ. ಮೂರು ವಾರದ ಹಿಂದೆ ಮೇಲೆ ಕಾಲು ಜಾರ್ತು. ಬೆಲ್ಟಲ್ಲಿ ನೇತಾಡ್ತಾ ನಿನ್ನನ್ನೇ ನೆನೆಸ್ಕೊಂಡೆ. ಇಳಿದ ಮೇಲೆ ನಿನ್ನ ಮುಖ ನೋಡಕ್ಕೆ ಆಗ್ಲಿಲ್ಲ." ಅವನು ನೆಲ ನೋಡಿದ. "ಡಾಕ್ಟರ ಹತ್ರ ಒಬ್ಬನೇ ಹೋಗಕ್ಕೆ ಭಯ ಕಣೇ. ಬರ್ತೀಯಾ?"

"ಐದಕ್ಕೆ ಡ್ಯೂಟಿ ಮುಗಿಯುತ್ತೆ," ಎಂದಳು. ಬೆಡ್ಡು ತೋರಿಸಿದಳು. "ಅಲ್ಲಿವರೆಗೂ ಮಲಕ್ಕೋ."

ಅವನು ಬೆಡ್ಡಿನ ಮೇಲೆ ಮಲಗಿದವನು ಕಣ್ಣು ಬಿಗಿಯಾಗಿ ಮುಚ್ಚಿದ. "ರೂಮು ತಿರುಗ್ತಿದೆ."

ಅವಳು ಅವನ ತಲೆಯನ್ನು ಎರಡೂ ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಹೊರಗೆ ರೈಡು ಒಂದು ಸುತ್ತು ಮುಗಿಸಿತು, ಇನ್ನೊಂದು ಸುತ್ತಿಗೆ ಹೋಯಿತು.

"ತಿರುಗೋದು ನಿಂತಿತಾ?" ಅವಳು ಕೇಳಿದಳು.

"ನಿಂತು ಆಗ್ಲೇ ಸ್ವಲ್ಪ ಹೊತ್ತಾಯ್ತು," ಎಂದ ಅವನು, ಕಣ್ಣು ಮುಚ್ಚಿಕೊಂಡೇ.

ಅವಳು ಕೈ ತೆಗೆಯಲಿಲ್ಲ.